ಬಾದಾಮಿಯ ನಮ್ ಸಾಹೇಬರು

ಕೊರಿಯಾದ ಆ ಹಿರಿಯರ ಮನೆತನದ ಹೆಸರು ನಮ್. ಬಾದಾಮಿಯವರು ಅದನ್ನು ‘ನಮ್ಮ’ ಎಂದೇ ತಿಳಿದರು. ಹೊಂಡದ ದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸರಿಂದ ಹಿಡಿದು ಆಟೋದವರವರೆಗೆ ಎಲ್ಲರಿಗೂ ಅವರು ‘ನಮ್ ಸಾಹೇಬ್ರು’.

ಒಂದು ಕಾಲಕ್ಕೆ ತಮ್ಮ ದೇಶದ ರಾಯಭಾರಿಯಾಗಿ ಐದಾರು ರಾಜಧಾನಿಗಳಲ್ಲಿ ಇದ್ದು, ಆಮೇಲೆ ಮಂತ್ರಿಯೂ ಆದವರು ಶಾಂತವ್ವನ ಮಾಳಿಗೆಯ ಕೋಣೆಯಲ್ಲಿ ಎರಡು ಚಳಿಗಾಲ ಬಾಡಿಗೆಗಿದ್ದರು. ಆಕೆಯಿಂದಲೇ ಕನ್ನಡ ಕಲಿತರು.

ನಾನು ಗುಹೆಗಳ ಗೈಡ್. ಒಮ್ಮೆ ಪ್ರವಾಸಿಗರ ವಿಷಯಕ್ಕೆ ನಮಗೂ ಆಟೋದವರಿಗೂ ಕೈ ಕೈ ಮಿಲಾಯಿಸುವ ಜಗಳವಾಯಿತು. ಸಾಹೇಬರು ನಡುವೆ ಬಂದು ನಿಂತರು.

“ಮೊದ್ಲ ಚಾ ಕುಡೀರಿ. ಆಮ್ಯಾಲೆ ಬಡಿದಾಡ್ರಿ.”

ಚಹಾ ಮುಗಿಯುವಷ್ಟರಲ್ಲಿ ಯಾರು ಎಲ್ಲಿ ನಿಲ್ಲಬೇಕೆಂಬುದು ತೀರ್ಮಾನವಾಗಿತ್ತು.

ಒಂದು ಸಂಜೆ ಗುಹೆಯ ಮೆಟ್ಟಿಲ ಮೇಲೆ ಕೂತು ತಮ್ಮ ಕಥೆ ಹೇಳಿದರು. ಮಂತ್ರಿಗಳ ಬಂಧುಗಳಿಗೆ ಸರ್ಕಾರಿ ಗುತ್ತಿಗೆ ಸಿಗಬಾರದೆಂದು ಅವರು ಕಾನೂನು ತರಲು ಹೊರಟಿದ್ದರು. ಮಗನಂತೆ ಬೆಳೆಸಿದ ಕಾರ್ಯದರ್ಶಿಯೇ ಎದುರು ಪಕ್ಷ ಸೇರಿ, ಸಾಹೇಬರು ಭಾವಮೈದುನನಿಗೆ ಗುತ್ತಿಗೆ ಕೊಡಿಸಿದ್ದಾರೆಂದು ಸುಳ್ಳು ಸಾಕ್ಷಿ ನುಡಿದ. ಕಾನೂನು ಬಿದ್ದುಹೋಯಿತು, ಹುದ್ದೆಯೂ ಹೋಯಿತು.

“ಸುಳ್ಳು ಹೇಳೋ ಮುಂದ ನನ್ನ ಮಾರಿ ನೋಡ್ಕೋತನ ಹೇಳಿದ,” ಎಂದರು. ಮೆಟ್ಟಿಲಿಂದ ಏಳುತ್ತಾ, “ಇದು ನಿನ್ನ ಹತ್ರನ ಇರ್ಲಿ. ಯಾರಿಗೂ ಹೇಳಬ್ಯಾಡ,” ಎಂದರು.

ಆಗಲಿ ಎಂದೆ.

ಮುಂದಿನ ತಿಂಗಳೇ ಅವರ ದೇಶದ ಟಿವಿಯವರು ಹುಡುಕಿಕೊಂಡು ಬಂದರು. ಸಾಹೇಬರು ಬಾಗಿಲು ತೆರೆಯಲಿಲ್ಲ. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಅವರ ದೊಡ್ಡತನ ಜನಕ್ಕೆ ತಿಳಿಯಲಿ ಎಂಬ ಆಸೆ ನನಗಿತ್ತು. ನಿಜ ಹೇಳಬೇಕೆಂದರೆ, ಕ್ಯಾಮೆರಾ ನನ್ನ ಕಡೆ ತಿರುಗಿದ್ದೂ ಹಿತವಾಗಿತ್ತು. ಆ ಕಾರ್ಯದರ್ಶಿ ಈಗ ಅಲ್ಲಿ ಮಂತ್ರಿ. ‘ಎಲ್ಲೋ ಅಡಗಿ ಕೂತು ಗೈಡ್ ಬಾಯಿಂದ ಚಾಡಿ ಹೇಳಿಸುವ ಮುದುಕ’ ಎಂದು ಅವನು ಟಿವಿಯಲ್ಲಿ ನಕ್ಕನಂತೆ.

ಅದು ಪ್ರಸಾರವಾದ ಮರುದಿನ ಬೆಳಿಗ್ಗೆ ಮಾಳಿಗೆಯ ಕೋಣೆಗೆ ಹೋದಾಗ ಸಾಹೇಬರು ಚೀಲ ತುಂಬುತ್ತಿದ್ದರು.

“ನಿಮ್ಮ ಒಳ್ಳೇದಕ್ಕ ಹೇಳಿದ್ನಿರಿ, ಸಾಹೇಬ್ರ.”

ಅಂಗಿ ಮಡಚುತ್ತಿದ್ದ ಕೈ ನಿಂತಿತು.

“ಸಾಕ್ಷಿ ಹೇಳಿದ ದಿನ ಅಂವನೂ ಇದ ಮಾತು ಅಂದಿದ್ದ.”

ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಕಾಲು ಹಿಡಿಯಬಹುದಿತ್ತು. ಸ್ಟೇಷನ್ನಿಗೆ ಹೋಗಲು ಆಟೋ ಬಂತು. ಚೀಲಕ್ಕೆ ಕೈ ಹಾಕಿದೆ, ಅವರು ಕೊಡಲಿಲ್ಲ. ತಾವೇ ಹೊತ್ತುಕೊಂಡು ಒಂದೊಂದೇ ಮೆಟ್ಟಿಲು ಇಳಿದರು. ಹಿಂದೆಯೇ ಹೊರಟ ನನ್ನನ್ನು ಶಾಂತವ್ವ ಬಾಗಿಲಿಗೆ ಕೈ ಅಡ್ಡ ಹಿಡಿದು ತಡೆದಳು.

“ನೀ ಇಲ್ಲೇ ನಿಲ್ಲು,” ಎಂದಳು.