ತಗಡಿಗೆ ಬಳಿದ ಸುಣ್ಣ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದ ಕುಲ್ಸುಮಬಿಯ ತಗಡಿನ ಮನೆಗೆ ಓಣಿಯ ಬೇವಿನ ಮರವೊಂದೇ ನೆರಳು. ಕಾಂಕ್ರೀಟ್ ರಸ್ತೆಗಾಗಿ ಅದನ್ನು ಕಡಿದ ಮೇಲೆ ಮನೆ ಕಾದ ಹಂಚಿನಂತಾಯಿತು. ಲಕ್ವ ಹೊಡೆದ ಗಂಡ ಗೂಡುಸಾಬ ಒಳಗೆ ಮಲಗಿದ್ದಲ್ಲೇ ಬೇಯುತ್ತಿದ್ದ.

ಅವಳು ಬೇವಿನ ಸಸಿ ನೆಟ್ಟಳು, ಆಡು ತಿಂದಿತು. ತಗಡಿನ ಮೇಲೆ ಒದ್ದೆ ಗೋಣಿತಟ್ಟು ಹಾಸಿದಳು; ಆಗೊಮ್ಮೆ ಈಗೊಮ್ಮೆ ಬರುವ ನಳದ ನೀರು ಅದಕ್ಕೆ ಸಾಲಲಿಲ್ಲ. ಕೊನೆಗೆ ತಾನೇ ಏಣಿ ಹತ್ತಿ ತಗಡಿಗೆಲ್ಲ ದಪ್ಪಗೆ ಸುಣ್ಣ ಬಳಿದಳು.

"ಇವತ್ತ ಒಂದೀಟ ತಂಪ ಅನಸ್ತೈತಿ," ಎಂದ ಗೂಡುಸಾಬ. ಅವಳಿಗೆ ಅಳುವೇ ಬಂತು.

ಏಪ್ರಿಲ್‌ನಲ್ಲಿ ಬಿಸಿಲು ಮತ್ತೂ ಏರಿತು. ಒಂದು ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಿತು. ಅವಳು ಕೂಲಿಯಿಂದ ಬಂದಾಗ ಗಂಡನ ಮೈ ಕೆಂಡದಂತೆ ಸುಡುತ್ತಿತ್ತು, ಮಾತು ನಿಂತಿತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ಮಣ್ಣಾದ ಮರುದಿನ ಪಕ್ಕದ ಮನೆಯ ಬಾಣಂತಿ ಮೆಹನಾಜ ಬಂದು ಕೂತಳು. "ಖಾಲಾ, ನಾವೂ ಸುಣ್ಣ ಹಚ್ಚೋಣೇನ್ರಿ? ಉಪಯೋಗ ಐತೇನ್ರಿ?"

"ಹಚ್ಚವ್ವಾ. ಆದ್ರ ಅದನ್ನ ನಂಬಿ ಕೂಸಿನ್ನ ಮಧ್ಯಾಹ್ನ ಒಳಗ ಮಲಗಿಸಬ್ಯಾಡ."

"ಮತ್ತ ಎಲ್ಲಿ ಮಲಗಿಸ್ಲಿ?"

ಕುಲ್ಸುಮಬಿ ಓಣಿಯ ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ಎಲ್ಲಿಯೂ ನೆರಳಿರಲಿಲ್ಲ.