ಎರಡು ಎಂಜಿನ್ನು, ಎರಡು ಗಂಟೆ

ತೊಂಬತ್ತರ ದಶಕದ ನಡುವಿನಲ್ಲಿ ನಾನು ಬೊಂಬಾಯಿಯ ಒಂದು ವಿಮಾನ ಕಂಪನಿಯಲ್ಲಿದ್ದೆ. ವಿಮಾನಗಳು ಹೋಗುವ ದಾರಿಯನ್ನು ನಕ್ಷೆಯ ಮೇಲೆ ಗುರುತಿಸುವುದು ನನ್ನ ಕೆಲಸ. ರಜೆಗೆ ಕೃಷ್ಣರಾಜಪೇಟೆಗೆ ಬಂದಾಗ ಅದರ ಬಗ್ಗೆ ಯಾರೂ ಕೇಳುತ್ತಿರಲಿಲ್ಲ. ನಾನು ವಿಮಾನ ಓಡಿಸುವುದಿಲ್ಲ ಎಂದು ಗೊತ್ತಾದ ದಿನವೇ ಊರಿಗೆ ಆಸಕ್ತಿ ಹೋಗಿತ್ತು.

ಕೇಳಿದವರು ಪಕ್ಕದ ಮನೆಯ ಚಾಚಾ ಒಬ್ಬರೇ. ಬಸ್ ಸ್ಟ್ಯಾಂಡಿನ ಹಿಂದೆ ಲಾರಿ ರಿಪೇರಿ ಶೆಡ್ಡು ಇಟ್ಟಿದ್ದ ಅವರು ಆ ವರ್ಷ ಚಾಚಿಯೊಡನೆ ಹಜ್‌ಗೆ ಹೊರಟಿದ್ದರು.

"ಎಷ್ಟು ಎಂಜಿನ್ನಪ್ಪಾ ಅದುಕ್ಕೆ?"

"ಎರಡು, ಚಾಚಾ."

"ಒಂದು ಕೆಟ್ಟೋದ್ರೆ?"

"ಇನ್ನೊಂದ್ರಲ್ಲೇ ಓಯ್ತದೆ."

"ಎಲ್ಲೀಗಂಟ?"

ನಾನು ನಕ್ಷೆ ತಂದು ಹಾಸಿದೆ. ಎರಡು ಎಂಜಿನ್ನಿನ ವಿಮಾನ ಸಮುದ್ರದ ಮೇಲೆ ಎಲ್ಲೇ ಇರಲಿ, ಒಂದೇ ಎಂಜಿನ್ನಿನಲ್ಲಿ ಒಂದು ಗಂಟೆಯೊಳಗೆ ತಲುಪಿ ಇಳಿಯಲು ಒಂದು ನಿಲ್ದಾಣ ಇರಲೇಬೇಕು. ವಿಶೇಷ ಪರವಾನಗಿ ಇದ್ದರೆ ಎರಡು ಗಂಟೆ, ಕೆಲವಕ್ಕೆ ಮೂರು. ಅದರಾಚೆ ದಾರಿ ಹಾಕುವಂತಿಲ್ಲ. ಚಾಚಾ ತಲೆಯಾಡಿಸಿದರು. ಬಾಗಿಲಲ್ಲಿ ನಿಂತಿದ್ದ ಚಾಚಿಗೆ ಸಮಾಧಾನವಾಗಲಿಲ್ಲ.

"ಯಾವ್ದೋ ಊರಲ್ಲಿ ಇಳಿಸ್ಬುಟ್ರೆ ನಮ್ಮನ್ನ ಯಾರಪ್ಪಾ ಕೇಳೋರು?"

"ಎಲ್ಲಾ ವ್ಯವಸ್ಥೆ ಇರ್ತದೆ, ಚಾಚಿ," ಎಂದೆ. ಬಹಳ ಗಟ್ಟಿಯಾಗಿಯೇ ಎಂದೆ.

ಮುಂದಿನ ರಜೆಯಲ್ಲಿ ಖರ್ಜೂರ, ಜಮ್‌ಜಮ್ ನೀರು ಕೊಟ್ಟು ಕೂರಿಸಿಕೊಂಡು ಇಬ್ಬರೂ ಕಥೆ ಹೇಳಿದರು. ವಾಪಸು ಬರುವಾಗ ಸಮುದ್ರದ ಮೇಲೆ ಬಲಗಡೆಯ ಎಂಜಿನ್ನು ನಿಂತಿತ್ತು. ಪೈಲಟ್ ಹೇಳುವ ಮೊದಲೇ ಚಾಚಾಗೆ ಸದ್ದಿನಲ್ಲಿ ತಿಳಿದಿದೆ. ಅಕ್ಕಪಕ್ಕದವರಿಗೂ ತಿಳಿಸಲು ಹೊರಟವರನ್ನು ಚಾಚಿ ತೊಡೆ ಚಿವುಟಿ ಸುಮ್ಮನಾಗಿಸಿದ್ದಾರೆ. ಎಲ್ಲರೂ ದುವಾ ಮಾಡುತ್ತಿದ್ದರೆ ಚಾಚಾ ಗಡಿಯಾರ ನೋಡುತ್ತ ಕೂತಿದ್ದರಂತೆ. ವಿಮಾನ ಮರಳುಗಾಡಿನ ಒಂದು ಸಣ್ಣ ನಿಲ್ದಾಣದಲ್ಲಿ ಇಳಿಯಿತು.

"ಐವತ್ತೇ ನಿಮಿಷ! ನಿನ್ ಲೆಕ್ಕ ಸರಿಯಾಗೈತೆ ಕಣ್ಲಾ," ಎಂದು ಚಾಚಾ ನನ್ನ ಬೆನ್ನು ತಟ್ಟಿದರು.

"ಇಳಿಸೋ ಲೆಕ್ಕ ಸರಿಗೈತೆ," ಎಂದರು ಚಾಚಿ. "ಇಳಿದ್ಮ್ಯಾಕಿಂದು? ಇನ್ನೊಂದು ಇಮಾನ ಬರೋಗಂಟ ಒಂದಿನ ಪೂರ್ತಿ ಅಲ್ಲೇ ಬಿದ್ದಿದ್ದೋ. ಅಷ್ಟು ಎಂಗಸ್ರಿಗೂ ಒಂದೇ ಕಕ್ಕಸು. ಅದುಕ್ಕೆ ಚಿಲ್ಕ ಇಲ್ಲ. ನಾವು ನಾಕು ಜನ ಸರದಿ ಮೇಲೆ ಚಾದರ ಇಡ್ಕೊಂಡು ನಿಂತಿದ್ದೋ."

ನಾನು ಖರ್ಜೂರದ ಬೀಜವನ್ನು ಬಾಯಲ್ಲೇ ಇಟ್ಟುಕೊಂಡೆ. ಆ ವಿಮಾನ ನಮ್ಮ ಕಂಪನಿಯದಲ್ಲ, ನಿಜ. ಆದರೆ ನಮ್ಮ ತುರ್ತು ನಿಲ್ದಾಣಗಳ ಪಟ್ಟಿಯಲ್ಲೂ ಪ್ರತಿಯೊಂದರ ಮುಂದೆ 'ಪ್ರಯಾಣಿಕರ ಸೌಲಭ್ಯ' ಎಂಬ ಕಾಲಂ ಇತ್ತು. ನಾನು ಹಳೆಯ ಹಾಳೆ ನೋಡಿಕೊಂಡು, ಎಲ್ಲದಕ್ಕೂ 'ಸಾಕಷ್ಟಿದೆ' ಎಂದು ತುಂಬುತ್ತ ಬಂದಿದ್ದೆ. ಅವುಗಳಲ್ಲಿ ಒಂದನ್ನೂ ಕಂಡವನಲ್ಲ. ಅದನ್ನು ಚಾಚಿಗೆ ಹೇಳುವ ಧೈರ್ಯ ಬರಲಿಲ್ಲ.

ಬೊಂಬಾಯಿಗೆ ಹಿಂತಿರುಗಿ ಪಟ್ಟಿಯ ನಿಲ್ದಾಣಗಳಿಗೆಲ್ಲ ಟೆಲೆಕ್ಸ್ ಬರೆದೆ: ಕೂರಲು ಜಾಗವೆಷ್ಟು, ಕುಡಿಯುವ ನೀರಿದೆಯೇ, ಕಕ್ಕಸು ಎಷ್ಟು, ಚಿಲಕ ಇದೆಯೇ? ಯಾವ ನಿಯಮದ ಪ್ರಕಾರ ಕೇಳುತ್ತಿದ್ದೀಯ ಎಂದರು ಸಾಹೇಬರು. ನಿಯಮವಿಲ್ಲ ಎಂದೆ. ಹೋಗಲಿ ಕಳಿಸು ಎಂದು ಸಹಿ ಹಾಕಿದರು.

ಹಲವರು ಉತ್ತರಿಸಲೇ ಇಲ್ಲ. ಹಿಂದೂ ಮಹಾಸಾಗರದ ಒಂದು ದ್ವೀಪದಿಂದ ಮಾತ್ರ ಬೇಗ ಬಂತು: ಕಕ್ಕಸು ಎರಡು, ಒಂದರ ಚಿಲಕ ಮುರಿದಿದೆ, ನೀವು ಬರುವುದು ಯಾವಾಗ?

ಬರುವ ಪ್ರಸಂಗ ಬರದೇ ಇರಲೆಂದೇ ನಮ್ಮ ಆಸೆ ಎಂದು ಬರೆದೆ.

ಚಿಲಕ ಹಾಕಿಸಿದ್ದೇವೆ ಎಂದು ಮೂರನೆಯ ದಿನ ಇನ್ನೊಂದು ಟೆಲೆಕ್ಸ್ ಬಂತು.