ಹಗೇವಿನ ಬಾಯಲ್ಲಿ ಕಂಡ ಚಂದ್ರಿ

ದೆವ್ವ, ಗಾಳಿ, ಮಾಟ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುವವಳು. ಯಾದಗಿರಿಯ ಒಂದು ಹೈಸ್ಕೂಲಿನಲ್ಲಿ ಇಷ್ಟು ವರ್ಷ ವಿಜ್ಞಾನ ಪಾಠ ಮಾಡಿದ್ದೇನೆ. ಅಮಾವಾಸ್ಯೆಯ ನಿಂಬೆಹಣ್ಣನ್ನು ಬೇಕೆಂದೇ ದಾಟಿ ಬರುತ್ತೇನೆಂದು ಸ್ಟಾಫ್ ರೂಮಿನಲ್ಲಿ ನನಗೆ ಹೆಸರೂ ಇದೆ, ಬೈಗುಳವೂ ಇದೆ. ಆದರೆ ಒಂದು ಸಂಗತಿಯನ್ನು ಮಾತ್ರ ಅಲ್ಲಿ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ಹೇಳಿದರೆ ಮಾನ ಹೋಗುತ್ತದೆ ಎಂಬುದು ಒಂದು ಕಾರಣ. ಹೇಳುತ್ತ ಹೇಳುತ್ತ ಅತ್ತುಬಿಡುತ್ತೇನೆ ಎಂಬುದು ನಿಜವಾದ ಕಾರಣ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ಇಳಿದು ಒಳಗೆ ನಡೆದರೆ ನಮ್ಮೂರು. ಆಗ ನನಗೆ ಹತ್ತು ವರ್ಷ. ಕಾಲುವೆಗೆ ನೀರು ಬಿಟ್ಟು ಮೂರ್ನಾಲ್ಕು ವರ್ಷವಾಗಿತ್ತು. ಜೋಳ, ತೊಗರಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಮೊಳಕಾಲುದ್ದ ಕೆಸರು, ಭತ್ತ. ಊರಿಗೆ ಊರೇ ಖುಷಿಯಲ್ಲಿತ್ತು. ಪೀಕಲಾಟವೆಲ್ಲ ಎಮ್ಮೆ ಕಟ್ಟಿದವರಿಗೆ. ಮೊದಲು ಬೀಳು ನೆಲದಲ್ಲಿ ಬಿಟ್ಟರೆ ಹೊಟ್ಟೆ ತುಂಬ ಮೇದು ಸಂಜೆಗೆ ತಾನೇ ಮನೆಗೆ ಬರುತ್ತಿದ್ದ ಎಮ್ಮೆ, ಈಗ ಹಗ್ಗ ಬಿಚ್ಚಿದರೆ ಸಾಕು, ಯಾರದೋ ಭತ್ತದ ಸಸಿಮಡಿಯಲ್ಲಿ ನಿಂತಿರುತ್ತಿತ್ತು.

ನಮ್ಮದು ಚಂದ್ರಿ. ಹಣೆಯ ಮೇಲೆ ಬಿಳಿ ಚುಕ್ಕೆ, ಎಡಗೊಂಬು ಕಿವಿಯ ಕೆಳಗೆ ಇಳಿಬಿದ್ದಿತ್ತು. ಎಮ್ಮೆಯನ್ನು ಅವಳು ಎನ್ನುತ್ತೇನೆಂದು ನಗಬೇಡಿ. ಅವ್ವ ಹಾಲು ಹಿಂಡಲು ಕುಳಿತಾಗ ನಾನು ಎದುರು ನಿಂತು ಕೊರಳ ಕೆಳಗೆ ತುರಿಸಿದರೆ ಮಾತ್ರ ಅವಳು ಹಾಲು ಇಳಿಸುತ್ತಿದ್ದಳು. ನನಗೆ ಜ್ವರ ಬಂದರೆ ಮನೆಯಲ್ಲಿ ಚಹಾಕ್ಕೂ ಹಾಲಿರುತ್ತಿರಲಿಲ್ಲ. ಆ ವರ್ಷ ಮೂರನೇ ಸಲ ಸಸಿಮಡಿಯ ಜಗಳವಾಗಿ ಜನ ಮನೆ ಬಾಗಿಲಿಗೇ ಬಂದು ಬಯ್ದು ಹೋದರು. ಅಪ್ಪ ಮರುದಿನವೇ ಅವಳನ್ನು ಸುರಪುರದಾಚೆಯ ಬೋನಾಳದ ಒಬ್ಬರಿಗೆ ಮಾರಿಬಿಟ್ಟ. ಅಲ್ಲಿ ಕೆರೆ ಇದೆ, ಎಮ್ಮೆಗೆ ಸುಖ ಎಂದ. ನಾನು ಎರಡು ದಿನ ಉಣ್ಣಲಿಲ್ಲ. ಮೂರನೇ ದಿನ ಹಸಿವು ಗೆದ್ದಿತು, ಆದರೆ ಅಪ್ಪನ ಜೊತೆ ಮಾತು ಬಿಟ್ಟೆ.

ಇನ್ನು ಹಗೇವಿನ ವಿಷಯ. ಈಗಿನ ಹುಡುಗರಿಗೆ ಹಗೇವು ಎಂದರೆ ಗೊತ್ತಿಲ್ಲ. ಅಂಗಳದಲ್ಲಿ ನೆಲದೊಳಗೆ ತೋಡಿದ ಜೋಳದ ಕಣಜ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಳಗೆ ಹೊಟ್ಟೆ ಗಡಿಗೆಯಂತೆ ಅಗಲ, ಆಳ ಎರಡಾಳು. ಸುತ್ತ ಹುಲ್ಲು ಒತ್ತಿ, ಜೋಳ ತುಂಬಿ, ಬಾಯಿಗೆ ಬಂಡೆ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಬೀಳದು. ಅದನ್ನು ತೆರೆಯುವುದಕ್ಕೊಂದು ಕಟ್ಟುನಿಟ್ಟು ಇತ್ತು. ಬಂಡೆ ಸರಿಸಿ ಒಂದು ಹಗಲು ಹಾಗೇ ಬಿಡಬೇಕು, ಒಳಗಿನ ಜಳ, ಅಂದರೆ ಕೆಟ್ಟ ಗಾಳಿ, ಹೊರಗೆ ಹೋಗಬೇಕು. ಆಮೇಲೆ ಕಂದೀಲು ಇಳಿಬಿಡಬೇಕು. ಕಂದೀಲು ಉರಿಯುತ್ತಲೇ ಮೇಲೆ ಬಂದರೆ ಮನುಷ್ಯ ಇಳಿಯಬಹುದು, ಆರಿದರೆ ಯಾರೂ ಇಳಿಯಕೂಡದು.

ಜೋಳ ಬೆಳೆಯುವುದು ನಿಂತ ಮೇಲೆ ನಮ್ಮ ಹಗೇವು ಖಾಲಿ ಬಿದ್ದಿತ್ತು. ಕಾಲುವೆಯ ನೀರು ನೆಲದೊಳಗೆ ಬಸಿದು ಅದರ ಗೋಡೆ ಕುಸಿಯಬಹುದೆಂದು ಅಪ್ಪ ಅದನ್ನು ಮಣ್ಣು ಹಾಕಿ ಮುಚ್ಚುವವನಿದ್ದ. ಆ ದಿನ ಬೆಳಿಗ್ಗೆ ಬಂಡೆ ಸರಿಸಿ, ಬಾಯಿಯ ಮೇಲೆ ಜಾಲಿ ಮುಳ್ಳು ಹಾಕಿ, ಹತ್ತಿರ ಹೋಗಬೇಡ ಎಂದು ನನಗೆ ಹೇಳಿದ. ಕಂದೀಲು ಬಿಟ್ಟು ನೋಡು ಎಂದು ಆಯಿ, ಅಂದರೆ ಅಪ್ಪನ ತಾಯಿ, ಹೇಳಿದಳು.

"ಜ್ವಾಳಾನೇ ಇಲ್ಲ, ಜಳಾ ಎಲ್ಲಿಂದ ಬರ್ತದ?" ಎಂದ ಅಪ್ಪ.

ನಮ್ಮೂರಲ್ಲಿ ಯಾರಾದರೂ ಹಾಗೇ ಅನ್ನುತ್ತಿದ್ದರು. ತುಂಬಿದ ಹಗೇವಿಗೆ ಅಂಜುವುದನ್ನು ಹಿರಿಯರು ಕಲಿಸಿದ್ದರು, ಖಾಲಿಯದಕ್ಕೆ ಅಂಜುವುದನ್ನು ಯಾರೂ ಕಲಿಸಿರಲಿಲ್ಲ. ತಳದಲ್ಲಿ ಉಳಿದ ಜೋಳ, ಹುಲ್ಲು ಕಾಲುವೆಯ ತೇವಕ್ಕೆ ಕೊಳೆಯುತ್ತಿದ್ದುದು ಮೇಲಿನಿಂದ ಕಾಣುವಂತಿರಲಿಲ್ಲ.

ನಾಟಿಯ ದಿನಗಳು. ಅಪ್ಪ ಅವ್ವ ಗದ್ದೆಗೆ ಹೋದರು, ಓಣಿಯೂ ಖಾಲಿಯಾಯಿತು. ಕಿವಿ ಮಂದವಾದ ಆಯಿ ಒಳಗೆ ಮಲಗಿದ್ದಳು. ನಡು ಹಗಲಿನಲ್ಲಿ ನಮ್ಮ ಕೋಳಿಯ ಮರಿಯೊಂದು ಮುಳ್ಳಿನ ಸಂದಿಯಿಂದ ಹಗೇವಿಗೆ ಬಿತ್ತು. ಚಿಂವ್ ಚಿಂವ್ ಎಂದು ಸ್ವಲ್ಪ ಹೊತ್ತು ಕೇಳಿ, ಆಮೇಲೆ ನಿಂತಿತು. ಅಪ್ಪನ ಮೇಲಿನ ಸಿಟ್ಟು ಬೇರೆ ಇತ್ತಲ್ಲ, ಅವನು ಬೇಡವೆಂದದ್ದನ್ನು ಮಾಡಲು ನನಗೆ ನೆಪ ಸಿಕ್ಕಿತು. ಮುಳ್ಳು ಸರಿಸಿದೆ. ಬಾವಿಯ ಹಗ್ಗವನ್ನು ಚಂದ್ರಿಯ ಗೂಟಕ್ಕೆ ಕಟ್ಟಿ ಜಾರಿ ಇಳಿದೆ.

ಮರಿ ಸತ್ತಿತ್ತು. ಕೈಗೆ ಇನ್ನೂ ಬೆಚ್ಚಗಿತ್ತು. ಯಾಕೆ ಸತ್ತಿತೆಂದು ನನಗೆ ಹೊಳೆಯಲಿಲ್ಲ. ಕಾಲ ಕೆಳಗೆ ಮೆತ್ತನೆಯ ಕೊಳೆ, ಮೂಗಿಗೆ ಹುಳಿ ವಾಸನೆ. ಹತ್ತಲು ಹಗ್ಗ ಹಿಡಿದೆ. ಇಳಿಯುವಾಗ ಸಲೀಸಾಗಿದ್ದ ಹಗ್ಗ ಈಗ ನಡುವೆ ನೇತಾಡುತ್ತಿತ್ತು, ಕಾಲು ಊರಲು ಗೋಡೆ ಎಟುಕಲಿಲ್ಲ. ಒಂದು ಸಲ ಎರಡು ಮೊಳ ಹತ್ತಿ ಬಿದ್ದೆ. ಇನ್ನೊಂದು ಸಲ ಅಷ್ಟೂ ಆಗಲಿಲ್ಲ. ತೋಳಿನಲ್ಲಿ ಕಸುವೇ ಇರಲಿಲ್ಲ, ಎದೆ ಓಡಿ ಬಂದವಳ ಹಾಗೆ ಹೊಡೆದುಕೊಳ್ಳುತ್ತಿತ್ತು. ಅವ್ವಾ ಎಂದು ಕೂಗಿದೆ. ಕೂಗು ಗೋಡೆಗೆ ಸುತ್ತಿ ನನ್ನ ಕಿವಿಗೇ ಬಂತು, ಮೇಲೆ ಹೋಗಲಿಲ್ಲ.

ತಲೆಯ ಮೇಲೆ ಬುಟ್ಟಿಯಗಲದ ಆಕಾಶ ಇತ್ತು. ಅಷ್ಟು ಹತ್ತಿರ ಇತ್ತು, ಅದೇ ಹೆಚ್ಚು ಸಂಕಟ. ಅಂಗಳದಲ್ಲಿ ತಾಯಿ ಕೋಳಿ ಕೆದರುವ ಸಪ್ಪಳವೂ ಕೇಳುತ್ತಿತ್ತು. ಸಂಜೆಯವರೆಗೆ ಯಾರೂ ಬರುವುದಿಲ್ಲ, ಬಂದರೂ ಇಲ್ಲಿ ಹುಡುಕುವುದಿಲ್ಲ ಎಂದು ಲೆಕ್ಕ ಹಾಕಿದೆ. ಆಮೇಲೆ ಲೆಕ್ಕ ತಪ್ಪತೊಡಗಿತು. ತಲೆ ಸಿಡಿಯುತ್ತಿತ್ತು, ಕಣ್ಣು ಎಳೆಯುತ್ತಿತ್ತು. ಗೋಡೆಗೆ ಒರಗಿ ಕುಳಿತೆ. ನಿದ್ದೆ ಬಂದರೆ ಒಳ್ಳೆಯದು ಎನ್ನಿಸಿತು. ಆ ಎನಿಸಿಕೆಯನ್ನು ನೆನೆದರೆ ಇವತ್ತಿಗೂ ನನಗೆ ಭಯವಾಗುತ್ತದೆ.

ಆಗ ಮೇಲಿನ ಬೆಳಕು ಕಟ್ಟಾಯಿತು. ಕಣ್ಣೆತ್ತಿ ನೋಡಿದೆ. ಹಗೇವಿನ ಬಾಯಿ ತುಂಬ ಒಂದು ಎಮ್ಮೆಯ ಮುಖ. ಹಣೆಯ ಚುಕ್ಕೆ, ಇಳಿಬಿದ್ದ ಎಡಗೊಂಬು. ಚಂದ್ರಿ ಎಂದೆನೋ, ಅಂದುಕೊಂಡೆನೋ. ಅವಳು ಉಸಿರು ಬಿಟ್ಟದ್ದು ಕೇಳಿಸಿತು. ಬೆಚ್ಚನೆಯ ಜೊಲ್ಲು ನನ್ನ ಕೆನ್ನೆಯ ಮೇಲೆ ಬಿತ್ತು. ಆಮೇಲೆ ಅವಳು ಒದರತೊಡಗಿದಳು. ನಿಲ್ಲಿಸದೆ ಒದರಿದಳು, ಹಗೇವಿನ ಗೋಡೆಯೆಲ್ಲ ಗುಂಯ್ ಎನ್ನುವ ಹಾಗೆ. ಇಷ್ಟು ಗದ್ದಲದಲ್ಲಿ ಹೇಗೆ ಮಲಗಲಿ ಎಂದು ಅವಳ ಮೇಲೆ ಸಿಟ್ಟು ಬಂದದ್ದೇ ನನಗಿರುವ ಕೊನೆಯ ನೆನಪು.

ಮುಂದಿನದು ಎದುರು ಮನೆಯ ಕಾಶಮ್ಮ ಹೇಳಿದ್ದು. ಅವಳು ಕೂಸಿಗೆ ಹಾಲು ಕೊಡಲು ಗದ್ದೆಯಿಂದ ಬಂದಿದ್ದಳು. ಎಮ್ಮೆ ಒದರುವುದು ಕೇಳಿ ಹೊರಗೆ ಬಂದರೆ, ನಮ್ಮ ಅಂಗಳದಲ್ಲಿ ಚಂದ್ರಿ ಹಗೇವಿನ ಬಾಯಿಗೆ ತಲೆ ತಗ್ಗಿಸಿ ನಿಂತಿದ್ದಳು. ಮಾರಿದ ಎಮ್ಮೆ ಹಗ್ಗ ಹರಿದು ವಾಪಸ್ ಬಂದಿದೆ, ಇನ್ನು ತನ್ನ ಸಸಿಮಡಿಯ ಗತಿ ಮುಗಿಯಿತು ಎಂದು ಬಯ್ಯುತ್ತ ಅವಳನ್ನು ಕಟ್ಟಲು ದಾವಣಿ ಹಗ್ಗ ಹಿಡಿದು ಬಂದಳು. ಹತ್ತಿರ ಬಂದಾಗ ಗೂಟದಿಂದ ಹಗೇವಿನೊಳಗೆ ಹೋದ ಬಾವಿ ಹಗ್ಗ ಕಂಡಿತು. ಬಗ್ಗಿ ನೋಡಿದಳು, ನನ್ನ ಲಂಗ ಕಂಡಿತು. ಓಣಿಗೆ ಓಡಿ ಕೂಗಿಕೊಂಡಳು.

ಹನುಮಪ್ಪನ ಗುಡಿಯ ಬಳಿ ಬಂಡಿ ರಿಪೇರಿ ಮಾಡುತ್ತಿದ್ದ ಇಬ್ಬರು ಓಡಿಬಂದರು. ಇಳಿಬಿಟ್ಟ ಕಂದೀಲು ಹಗೇವಿನ ಕುತ್ತಿಗೆ ದಾಟುತ್ತಲೇ ಆರಿತು. ಕೊಡಗಟ್ಟಲೆ ನೀರು ಸುರಿದು, ತೊಯ್ಸಿದ ಕಂಬಳಿಯನ್ನು ಮೇಲೆ ಕೆಳಗೆ ಆಡಿಸಿ ಗಾಳಿ ಕದಡಿದರಂತೆ. ಆಮೇಲೆ ಒಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಮೂಗಿಗೆ ಹಸಿ ಬಟ್ಟೆ ಕಟ್ಟಿ ಇಳಿದು ನನ್ನನ್ನು ತಂದ.

ನಮ್ಮ ಮನೆಯ ಕಟ್ಟೆಯ ಮೇಲೆ ವಾಂತಿ ಮಾಡಿ ಕಣ್ಣು ಬಿಟ್ಟೆ. ಅವ್ವ ಕೆಸರು ಕಾಲಲ್ಲೇ ಬಂದು ನನ್ನನ್ನು ಅಪ್ಪಿಕೊಂಡಿದ್ದಳು. ನಾನು ಕೇಳಿದ್ದು ಚಂದ್ರಿಯನ್ನು. ಕಾಶಮ್ಮ ದಾವಣಿಯನ್ನು ಕೈಯಲ್ಲಿ ಹಿಡಿದೇ ಅಂಗಳದ ಮೂಲೆ ಮೂಲೆ ನೋಡುತ್ತಿದ್ದಳು. ಎಮ್ಮೆ ಇರಲಿಲ್ಲ. ನಮ್ಮ ಅಂಗಳಕ್ಕೆ ಸುತ್ತಲೂ ಕಲ್ಲಿನ ಗೋಡೆ, ಇದ್ದದ್ದು ಒಂದೇ ಬಾಗಿಲು. ಅದೇ ಬಾಗಿಲಿಂದ ಒಳಗೆ ಬಂದ ಆ ಇಬ್ಬರು ಎಮ್ಮೆಯನ್ನು ನೋಡಿಯೇ ಇರಲಿಲ್ಲ. ಬಿಸಿಲಿಗೆ ತಲೆ ತಿರುಗಿರಬೇಕು ಎಂದು ಯಾರೋ ಅಂದರು. ಕಾಶಮ್ಮ ಅವರತ್ತ ತಿರುಗಿದಳು.

"ಹಣಿ ಮ್ಯಾಲಿನ ಚುಕ್ಕಿ ನೋಡೀನಿ, ಕೊಂಬು ನೋಡೀನಿ. ಇವ್ರವ್ವ ಜಡ್ಡಿಗೆ ಬಿದ್ದಾಗ ಆ ಎಮ್ಮಿ ಹಿಂಡಿದಾಕಿ ನಾನು. ಅದರ ಗುರ್ತು ನನಗಿಲ್ಲೇನು?"

ನನ್ನ ಮಾತು ಬಿಡಿ. ಆ ಕೆಟ್ಟ ಗಾಳಿಯಲ್ಲಿ ಮನುಷ್ಯನಿಗೆ ಏನು ಬೇಕಾದರೂ ಕಾಣುತ್ತದೆ, ಮಕ್ಕಳಿಗೆ ಈ ಪಾಠ ಮಾಡಿದವಳೇ ನಾನು. ಆದರೆ ಕಾಶಮ್ಮ ಕುಡಿದದ್ದು ಅಂಗಳದ ಒಳ್ಳೆಯ ಗಾಳಿ. ನನ್ನ ಕೆನ್ನೆಯ ಮೇಲೆ ಜೊಲ್ಲಿತ್ತು, ಅದು ನಿನ್ನದೇ ಇರಬೇಕು ಎಂದು ಅವ್ವ ಒರೆಸಿಬಿಟ್ಟಳು.

ಅಪ್ಪ ಎರಡು ದಿನ ನಾಟಿ ಬಿಟ್ಟು, ಯಾರಿಗೂ ಬುಟ್ಟಿ ಮುಟ್ಟಗೊಡದೆ, ಹಗೇವಿಗೆ ಒಬ್ಬನೇ ಮಣ್ಣು ತುಂಬಿದ. ಮೂರನೇ ದಿನ ನನ್ನನ್ನು ಕರೆದುಕೊಂಡು ಸುರಪುರದಲ್ಲಿ ಬಸ್ ಬದಲಿಸಿ ಬೋನಾಳಕ್ಕೆ ಹೊರಟ. ಎಮ್ಮೆ ಕೊಂಡವರು ಒಳ್ಳೆಯ ಜನ. ಅವತ್ತು ಎಮ್ಮೆ ಎಲ್ಲಿತ್ತೆಂದು ಅಪ್ಪ ಕೇಳಿದ.

"ಎಲ್ಲಿ ಹೋಗ್ತದರೀ? ಬಂದಾಗಿಂದ ಗೂಟ ಬಿಟ್ಟು ಕದಲಿಲ್ಲ. ಹೊಸಾ ಎಮ್ಮಿ ಅಂತ ಇನ್ನೂ ಕೆರಿಗೂ ಬಿಟ್ಟಿಲ್ಲ," ಎಂದರು ಮನೆಯ ಯಜಮಾನರು.

ಹಿತ್ತಲಲ್ಲಿ ಚಂದ್ರಿ ಮೇವು ತಿನ್ನುತ್ತ ನಿಂತಿದ್ದಳು. ನಾನು ಓಡಿದೆ. ಹೆಸರು ಕರೆದೆ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು, ದಾರಿಹೋಕರನ್ನು ನೋಡುವ ಹಾಗೆ. ಕೊರಳ ಕೆಳಗೆ ಕೈ ಹಾಕಿದರೆ ಹಿಂದಕ್ಕೆ ಸರಿದಳು. ಅವ್ವ ಕಟ್ಟಿಕೊಟ್ಟ ಬೆಲ್ಲವನ್ನು ಮೂಸಿ ಬಿಟ್ಟಳು. ಮತ್ತೆ ಮೇವಿಗೆ ಮುಖ ಹಾಕಿದವಳು ನಾವು ಹೋಗುವವರೆಗೂ ಎತ್ತಲಿಲ್ಲ.

ಬಸ್ಸಿನಲ್ಲಿ ನಾನು ಬಿಕ್ಕಿ ಬಿಕ್ಕಿ ಅತ್ತೆ. ಸತ್ತು ಬದುಕಿದಾಗ ಬರದ ಅಳು ಅವತ್ತು ಬಂತು. ಹಾಲು ಹಿಂಡಿ ಹದಿನೈದು ದಿನವಾಗಿರಲಿಲ್ಲ, ನನ್ನನ್ನು ಹೇಗೆ ಮರೆತಳು?

"ನಿನ್ನ ಮರತಿಲ್ಲವ್ವ," ಎಂದ ಅಪ್ಪ. "ಹಿಂದ ನಾ ನಿಂತಿದ್ನಲ್ಲ, ನನ್ನ ನೋಡಿ ಮಾರಿ ತಿರುವಿದ್ಳು."

ಅಷ್ಟು ದಿನದ ಮೇಲೆ ನಾನು ಅಪ್ಪನ ತೊಡೆಯ ಮೇಲೆ ತಲೆ ಇಟ್ಟೆ. ಅವನು ಹೇಳಿದ್ದನ್ನು ಆಗ ನಂಬಿದೆ. ಈಗ ಅಪ್ಪನಿಲ್ಲ, ಕಾಶಮ್ಮನೂ ಇಲ್ಲ. ಯಾವ ಪಾಠವನ್ನು ಹೇಗೆ ತಿರುವಿದರೂ ಹಗೇವಿನ ಬಾಯಿಗೆ ಬಂದವಳು ಯಾರೆಂದು ನನಗೆ ಗೊತ್ತಾಗಿಲ್ಲ. ಗೊತ್ತಿರುವುದು ಇಷ್ಟೇ, ಬಂದವಳಿಗೆ ನನ್ನ ಗುರುತಿತ್ತು.